ಐಇಎಸ್, ಆರ್‌ಬಿಐ, ನೆಟ್ ಮೂರೂ ಒಂದೇ ಕೋರ್ಸಲ್ಲಿ: 28 ಸಾವಿರ ಕಟ್ಟಿ ಹತ್ತು ತಿಂಗಳು ಓದಿದ ಮೇಲೆ ನನಗೆ ಅನ್ಸಿದ್ದು

ಹೋದ ವರ್ಷ ಆಗಸ್ಟಲ್ಲಿ ಎಂಎ ಎಕನಾಮಿಕ್ಸ್ ಮುಗಿದ ತಕ್ಷಣ ಒಂದು ಆನ್‌ಲೈನ್ ಕೋಚಿಂಗ್‌ಗೆ ಸೇರ್ಕೊಂಡೆ. ಹೆಸರು ಹಾಕಲ್ಲ, ಯಾಕಂದ್ರೆ ಈ ಥರದ್ದು ಬೇಕಾದಷ್ಟಿವೆ, ಎಲ್ಲರ ಜಾಹೀರಾತೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ, ಒಂದರ ಹೆಸರು ಹೇಳಿದ್ರೆ ಉಳಿದವು ಚೆನ್ನಾಗಿವೆ ಅಂತ ಯಾರಾದ್ರೂ ಹೋಗಿ ಸೇರ್ಕೊಂಡಾರು. ಫೀಸು 28 ಸಾವಿರ. ಇಂಡಿಯನ್ ಎಕನಾಮಿಕ್ ಸರ್ವೀಸ್ (ಐಇಎಸ್, ಕೇಂದ್ರ ಸರ್ಕಾರದ ಅರ್ಥಶಾಸ್ತ್ರಜ್ಞರ ಹುದ್ದೆಗೆ ಯುಪಿಎಸ್‌ಸಿ ಪರೀಕ್ಷೆ), ಆರ್‌ಬಿಐ ಗ್ರೇಡ್ ಬಿ ಡಿಇಪಿಆರ್ (ರಿಸರ್ವ್ ಬ್ಯಾಂಕಿನ ಆರ್ಥಿಕ ಸಂಶೋಧನಾ ವಿಭಾಗದ ಅಧಿಕಾರಿ ಹುದ್ದೆ), ಯುಜಿಸಿ ನೆಟ್ (ಕಾಲೇಜು ಅಧ್ಯಾಪಕರಾಗೋಕೆ ಅರ್ಹತಾ ಪರೀಕ್ಷೆ), ಮೂರಕ್ಕೂ ಒಂದೇ ಬ್ಯಾಚು, ಲೈವ್ ಕ್ಲಾಸು, ರೆಕಾರ್ಡಿಂಗು, ಪಿಡಿಎಫ್ ನೋಟ್ಸು, ಟೆಸ್ಟ್ ಸೀರೀಸು, ಆನ್ಸರ್ ಇವ್ಯಾಲ್ಯುಯೇಷನ್ನು, ಒಬ್ಬ ಮೆಂಟರು, ಇಷ್ಟು ಕೊಡ್ತೀವಿ ಅಂದಿದ್ರು. ಆ ವರ್ಷ ಅಪ್ಪ ಶೇಂಗಾ ಮಾರಿ ತಂದಿದ್ದ ದುಡ್ಡಲ್ಲೇ ಕಟ್ಟಿದ್ದು, ಅದಕ್ಕೇ ಇಷ್ಟು ಉದ್ದ ಬರೀತಿದೀನಿ, ಇನ್ನೊಂದು ಮನೆ ಅದೇ ಥರ ದುಡ್ಡು ಕಟ್ಟೋ ಮುಂಚೆ ಇದನ್ನ ಓದ್ಲಿ ಅಂತ.

ನಾನು ಚಳ್ಳಕೆರೆ ಕಡೆಯವಳು, ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಬಿಎ ಎಚ್‌ಇಪಿ, ಅಂದ್ರೆ ಹಿಸ್ಟರಿ ಎಕನಾಮಿಕ್ಸ್ ಪೊಲಿಟಿಕಲ್ ಸೈನ್ಸು, ಪೂರ್ತಿ ಕನ್ನಡ ಮೀಡಿಯಂ. ಗಣಿತ ಕೊನೇ ಸಲ ಓದಿದ್ದು ಎಸ್ಸೆಸ್ಸೆಲ್ಸೀಲಿ. ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ, ಬೇಡಿಕೆಯ ಸ್ಥಿತಿಸ್ಥಾಪಕತ್ವ ಇವೆಲ್ಲ ನಿದ್ದೇಲಿ ಕೇಳಿದ್ರೂ ಹೇಳ್ತಿದ್ದೆ, ಆದ್ರೆ ಅವನ್ನೇ ಇಂಗ್ಲಿಷಲ್ಲಿ ಬರೀರಿ ಅಂದ್ರೆ, ಒಂದು ಸಮೀಕರಣ ಕೊಟ್ಟು ಬಿಡಿಸಿ ಅಂದ್ರೆ ಕೈ ಓಡ್ತಿರ್ಲಿಲ್ಲ. ನಮ್ಮ ಕಡೆ ಎಕನಾಮಿಕ್ಸ್ ಓದೋ ಹುಡುಗ ಹುಡುಗೀರಲ್ಲಿ ನನ್ನಂಥೋರು ತುಂಬ ಜನ ಇದಾರೆ, ಈ ರಿವ್ಯೂ ಮುಖ್ಯವಾಗಿ ಅವರಿಗೆ.

ಮೊದಲು ಚೆನ್ನಾಗಿದ್ದದ್ದು ಹೇಳ್ತೀನಿ. ಮೈಕ್ರೋ, ಅಂದ್ರೆ ಸೂಕ್ಷ್ಮ ಅರ್ಥಶಾಸ್ತ್ರ, ಪಾಠ ಮಾಡಿದ ಮೇಷ್ಟ್ರು ನಿಜವಾಗ್ಲೂ ಒಳ್ಳೇ ಮೇಷ್ಟ್ರು. ಒಂದು ಡಯಾಗ್ರಾಮ್ ಹಾಕಿದ್ರೆ ಬೆಲೆ ಬದಲಾದಾಗ ಯಾವ ರೇಖೆ ಯಾಕೆ ಸರಿಯುತ್ತೆ, ಯಾವುದು ನಿಂತಲ್ಲೇ ಇರುತ್ತೆ ಅಂತ ಒಂದೊಂದೇ ಕೇಳ್ತಾ ನಮ್ಮ ಕೈಲೇ ಬರೆಸ್ತಿದ್ರು. ಪ್ರೈಸ್ ಎಫೆಕ್ಟನ್ನ, ಅಂದ್ರೆ ಬೆಲೆ ಬದಲಾದಾಗ ನಾವು ಕೊಳ್ಳೋದು ಎಷ್ಟು ಬದಲಾಗುತ್ತೆ ಅನ್ನೋದನ್ನ, ಸಬ್‌ಸ್ಟಿಟ್ಯೂಷನ್ ಎಫೆಕ್ಟು ಇನ್‌ಕಮ್ ಎಫೆಕ್ಟು ಅಂತ ಒಡೆಯೋದು, ಅದನ್ನ ಹಿಕ್ಸ್, ಸ್ಲಟ್‌ಸ್ಕಿ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಹೇಗೆ ಬೇರೆ ಬೇರೆ ಥರ ಒಡೀತಾರೆ ಅನ್ನೋದು ಎಂಎ ಎರಡು ವರ್ಷದಲ್ಲಿ ಬಾಯಿಪಾಠ ಆಗಿತ್ತೇ ಹೊರತು ಅರ್ಥ ಆಗಿರ್ಲಿಲ್ಲ, ಇವರ ಮೂರು ಕ್ಲಾಸಲ್ಲಿ ಅರ್ಥ ಆಯ್ತು. ಇಂಡಿಯನ್ ಎಕಾನಮಿ ನೋಟ್ಸೂ ಪರವಾಗಿಲ್ಲ, ಆದ್ರೆ ಅದರಲ್ಲಿ ಬಹುಪಾಲು ಕೇಂದ್ರ ಸರ್ಕಾರದ ಎಕನಾಮಿಕ್ ಸರ್ವೇಲಿ ಇರೋದನ್ನೇ ಚಿಕ್ಕದು ಮಾಡಿ ಹಾಕಿದ್ದು, ಸರ್ವೇ ಕೇಂದ್ರ ಹಣಕಾಸು ಸಚಿವಾಲಯದ ವೆಬ್‌ಸೈಟಲ್ಲಿ ಬಿಟ್ಟಿ ಸಿಗುತ್ತೆ.

ಈಗ ತೊಂದರೆ ಎಲ್ಲಿ ಶುರು ಆಯ್ತು ಅಂದ್ರೆ ಮೊನೊಪೊಲಿ (ಮಾರುಕಟ್ಟೇಲಿ ಒಬ್ಬನೇ ಮಾರಾಟಗಾರ ಇರೋದು) ಕ್ಲಾಸಲ್ಲಿ. ಬೆಲೆ 100 ಮೈನಸ್ 2ಕ್ಯೂ (ಕ್ಯೂ ಅಂದ್ರೆ ಉತ್ಪಾದನೆ ಪ್ರಮಾಣ), ಆದ್ದರಿಂದ ಮಾರ್ಜಿನಲ್ ರೆವೆನ್ಯೂ (ಇನ್ನೊಂದು ಮಾರಿದ್ರೆ ಬರೋ ಹೆಚ್ಚುವರಿ ಆದಾಯ) 100 ಮೈನಸ್ 4ಕ್ಯೂ, ಮಾರ್ಜಿನಲ್ ಕಾಸ್ಟು (ಇನ್ನೊಂದು ಮಾಡೋಕೆ ಆಗೋ ಹೆಚ್ಚುವರಿ ಖರ್ಚು) 20 ಆದ್ರೆ ಉತ್ಪಾದನೆ 20, ಬೆಲೆ 60, ಮುಂದಿನ ಲೆಕ್ಕ. ಅಷ್ಟೇ, ಅರ್ಧ ನಿಮಿಷ. ಆ 2 ಹೇಗೆ 4 ಆಯ್ತು ಅಂತ ನನಗೆ ಗೊತ್ತಾಗ್ಲಿಲ್ಲ. ಬೆಲೇನ ಕ್ಯೂ ಇಂದ ಗುಣಿಸಿ ಒಟ್ಟು ಆದಾಯ 100ಕ್ಯೂ ಮೈನಸ್ 2ಕ್ಯೂ ಸ್ಕ್ವೇರ್ ಮಾಡ್ಕೊಂಡು ಅದನ್ನ ಡಿಫರೆನ್ಶಿಯೇಟ್ ಮಾಡ್ಬೇಕು, ಅಂದ್ರೆ ಕ್ಯೂ ಸ್ವಲ್ಪ ಬದಲಾದ್ರೆ ಅದು ಎಷ್ಟು ಬದಲಾಗುತ್ತೆ ಅಂತ ಕಂಡುಹಿಡೀಬೇಕು ಅನ್ನೋದು ಪಿಯುಸಿ ಸೈನ್ಸ್ ಹುಡುಗ್ರಿಗೆ ಗೊತ್ತಿರುತ್ತೆ, ಎಚ್‌ಇಪಿ ಓದಿದವರಿಗೆ ಹೇಳಿಕೊಟ್ಟವರೇ ಇಲ್ಲ. ಚಾಟಲ್ಲಿ ಕೇಳಿದೆ, ಬೇಸಿಕ್ ಮ್ಯಾಥ್ಸ್ ವಿಡಿಯೋ ನೋಡಿ ಅಂತ ಉತ್ತರ ಬಂತು. ಹೋಗಿ ನೋಡಿದ್ರೆ ಒಟ್ಟು ನಾಲ್ಕು ವಿಡಿಯೋ, ಮೊದಲನೇದೇ ಮ್ಯಾಟ್ರಿಕ್ಸಿಂದ ಶುರು, ಡೆರಿವೇಟಿವ್ (ಡಿಫರೆನ್ಶಿಯೇಟ್ ಮಾಡಿದ್ರೆ ಸಿಗೋದು) ಅಂದ್ರೆ ಏನು ಅಂತ ಎಲ್ಲೂ ಇಲ್ಲ. ಇದೇನು ಚಿಕ್ಕ ವಿಷಯ ಅಲ್ಲ ಕಣ್ರೀ, ಐಇಎಸ್‌ನ ಜನರಲ್ ಎಕನಾಮಿಕ್ಸ್ ಮೊದಲನೇ ಪೇಪರಲ್ಲಿ ಮೈಕ್ರೋ ಒಂದು ಭಾಗ ಆದ್ರೆ ಕ್ವಾಂಟಿಟೇಟಿವ್ ಮೆಥಡ್ಸ್ ಇನ್ನೊಂದು ಭಾಗ, ಕ್ಯಾಲ್ಕುಲಸ್ಸು, ಮ್ಯಾಟ್ರಿಕ್ಸು, ಲೀನಿಯರ್ ಪ್ರೋಗ್ರಾಮಿಂಗು, ಸ್ಟ್ಯಾಟಿಸ್ಟಿಕ್ಸು, ಎಕನಾಮೆಟ್ರಿಕ್ಸು (ಅಂಕಿಅಂಶದಿಂದ ಆರ್ಥಿಕ ಸಂಬಂಧಗಳನ್ನ ಅಳೆಯೋದು) ಎಲ್ಲ ಬರುತ್ತೆ. ಇದು ಬರದೇ ಇದ್ರೆ ಏನಾಗುತ್ತೆ ಅಂತ ಸೇರೋ ಮುಂಚೆ ಒಬ್ಬರೂ ಕೇಳ್ಲಿಲ್ಲ, ಡಿಗ್ರೀಲಿ ಮ್ಯಾಥ್ಸ್ ಇತ್ತಾ ಅನ್ನೋ ಒಂದು ಪ್ರಶ್ನೆ ಫಾರಂನಲ್ಲಿ ಇದ್ದಿದ್ರೆ ಸಾಕಿತ್ತು.

ಕೊನೆಗೆ ನನಗೆ ಗಣಿತ ಹೇಳಿಕೊಟ್ಟದ್ದು ಎನ್‌ಸಿಇಆರ್‌ಟಿ 11, 12ನೇ ಕ್ಲಾಸಿನ ಮ್ಯಾಥ್ಸ್ ಪುಸ್ತಕ, ಪಿಡಿಎಫ್ ಪುಕ್ಕಟೆ, ಮತ್ತೆ ಪಕ್ಕದ ಬೀದೀಲಿ ಪಿಯುಸಿ ಸೈನ್ಸ್ ಓದ್ತಿದ್ದ ಒಬ್ಬ ಹುಡುಗಿ. ಎರಡು ತಿಂಗಳು ದಿನಾ ಸಂಜೆ ಒಂದು ಗಂಟೆ ಅವಳು ನನಗೆ ಗಣಿತ, ನಾನು ಅವಳ ತಮ್ಮನಿಗೆ ಸಮಾಜ. ಲಿಮಿಟ್ಸ್, ಡೆರಿವೇಟಿವ್ಸ್, ಮ್ಯಾಟ್ರಿಕ್ಸ್, ಪ್ರಾಬಬಿಲಿಟಿ ಈ ನಾಲ್ಕು ಅಧ್ಯಾಯ ಮುಗಿಸಿ ವಾಪಸ್ ಹೋಗಿ ಅದೇ ಮೊನೊಪೊಲಿ ರೆಕಾರ್ಡಿಂಗ್ ಹಾಕಿದ್ರೆ ಪಾಠ ಪೂರ್ತಿ ಅರ್ಥ ಆಯ್ತು. ಅವತ್ತು ಖುಷಿ ಆಯ್ತು, ಜೊತೆಗೆ ಬೇಜಾರೂ ಆಯ್ತು, ಇದನ್ನ ಡಿಗ್ರೀಲೇ ಯಾರಾದ್ರೂ ಹೇಳಿದ್ದಿದ್ರೆ ಐದು ವರ್ಷ ಉಳೀತಿತ್ತಲ್ಲ ಅಂತ.

ಎಕನಾಮೆಟ್ರಿಕ್ಸ್ ಲೈವ್ ಇರುತ್ತೆ ಅಂದಿದ್ರು, ಹಳೇ ಬ್ಯಾಚಿನ ರೆಕಾರ್ಡಿಂಗ್ ಹಾಕಿದ್ರು. ಡೌಟ್ ಸೆಷನ್ ವಾರಕ್ಕೊಂದು, ಮುಕ್ಕಾಲು ಭಾಗ ಹಿಂದೀಲಿ. ಇಂಗ್ಲಿಷಲ್ಲಿ ಹೇಳಿ ಸರ್ ಅಂತ ನಾವು ಮೂರ್ನಾಲ್ಕು ಜನ ದಕ್ಷಿಣದವರು ಪ್ರತಿ ವಾರ ಕೇಳ್ತಿದ್ವಿ, ಎರಡು ವಾಕ್ಯ ಇಂಗ್ಲಿಷ್, ಆಮೇಲೆ ಮತ್ತೆ ಹಿಂದಿ. ಮೆಂಟರ್ ಎರಡು ಸಲ ಫೋನ್ ಮಾಡಿದ್ರು, ಎರಡು ಸಲವೂ ಎಷ್ಟು ಗಂಟೆ ಓದ್ತಿದೀರಿ ಅಂತ ಕೇಳಿ ಇಟ್ರು.

ಆದ್ರೆ ನನಗೆ ಹೆಚ್ಚು ನೋವಾದ ವಿಷಯ ಆನ್ಸರ್ ಇವ್ಯಾಲ್ಯುಯೇಷನ್ನು. ಯಾಕಂದ್ರೆ ಐಇಎಸ್ ಪೂರ್ತಿ ಬರವಣಿಗೆ ಪರೀಕ್ಷೆ. ಆರು ಪೇಪರು, ಜನರಲ್ ಇಂಗ್ಲಿಷು ಮತ್ತೆ ಜನರಲ್ ಸ್ಟಡೀಸು 100-100, ಜನರಲ್ ಎಕನಾಮಿಕ್ಸ್ ಮೂರು ಪೇಪರು ಇಂಡಿಯನ್ ಎಕನಾಮಿಕ್ಸ್ ಒಂದು, ಇವು 200-200, ಒಟ್ಟು 1000, ಆಮೇಲೆ 200 ಅಂಕದ ಸಂದರ್ಶನ. ಎಲ್ಲಾ ಪೇಪರೂ ಇಂಗ್ಲಿಷಲ್ಲೇ ಬರೀಬೇಕು. ಕೆಎಎಸ್ ಥರ ಅಥವಾ ಐಎಎಸ್ ಥರ ಕನ್ನಡದಲ್ಲಿ ಬರೀತೀನಿ ಅನ್ನೋ ಹಾಗಿಲ್ಲ. ಇದು ನಮ್ಮೂರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಅರ್ಜಿ ಹಾಕೋ ದಿನ ಗೊತ್ತಾಗುತ್ತೆ. ಹಾಗಾಗಿ ಕನ್ನಡ ಮೀಡಿಯಂನಿಂದ ಬಂದವರಿಗೆ ಕೋಚಿಂಗ್ ಅನ್ನೋದು ಏನಾದ್ರೂ ಕೊಡ್ಬೇಕು ಅಂದ್ರೆ ಬರೆಸಿ ತಿದ್ದೋದನ್ನ ಕೊಡ್ಬೇಕು, ಪಾಠ ಬೇರೆ ಕಡೆ ಸಿಗುತ್ತೆ. ನಾನು 22 ಉತ್ತರ ಬರೆದು ಸ್ಕ್ಯಾನ್ ಮಾಡಿ ಕಳಿಸಿದೆ, 9 ವಾಪಸ್ ಬಂತು, ಅದರಲ್ಲಿ 7ರಲ್ಲಿ ಟಿಕ್ ಮಾರ್ಕು ಮತ್ತೆ ಗುಡ್ ಅಂತ ಒಂದು ಪದ. ಇನ್ನೆರಡು ಮಾತ್ರ ಯಾರೋ ಕೂತು ಓದಿದ್ರು, ಡಯಾಗ್ರಾಮಿಗೆ ಹೆಸರು ಹಾಕಿಲ್ಲ, ಮೊದಲ ಪ್ಯಾರಾ ಪ್ರಶ್ನೆಯನ್ನೇ ತಿರುಗಿಸಿ ಬರೆದಿದೀಯ, ಡೆಫಿನಿಷನ್ ಮೇಲೆ ಬರ್ಲಿ ಅಂತ ಕೆಂಪು ಇಂಕಲ್ಲಿ ತಿದ್ದಿದ್ರು. ಆ ಎರಡು ಉತ್ತರಪತ್ರಿಕೆ ಇವತ್ತಿಗೂ ನನ್ನ ಹತ್ರ ಇವೆ, ಇಡೀ 28 ಸಾವಿರದಲ್ಲಿ ಹೆಚ್ಚು ಕಲಿಸಿದ್ದು ಆ ಎರಡು ಹಾಳೆ. ಆ ತಿದ್ದಿದ ಪುಣ್ಯಾತ್ಮರು ಯಾರೋ ಗೊತ್ತಿಲ್ಲ, ಅವರು ಚೆನ್ನಾಗಿರ್ಲಿ.

ಮೂರು ಪರೀಕ್ಷೆ ಒಂದೇ ಬ್ಯಾಚು ಅನ್ನೋದ್ರ ಬಗ್ಗೆ. ಸಿಲಬಸ್ ಪಕ್ಕಪಕ್ಕ ಇಟ್ಟು ನೋಡಿದ್ರೆ ಒಂದೇ ಥರ ಕಾಣುತ್ತೆ, ಅದಕ್ಕೇ ನಾನೂ ನಂಬಿದ್ದು. ಆದ್ರೆ ನೆಟ್ ಅಂದ್ರೆ ಮೂರು ಗಂಟೇಲಿ 150 ಪ್ರಶ್ನೆ, ಪೇಪರ್ ಒಂದು 50, ಎಕನಾಮಿಕ್ಸ್ 100, ನೆಗೆಟಿವ್ ಮಾರ್ಕಿಂಗ್ ಇಲ್ಲ, ಅಲ್ಲಿ ಬೇಕಾಗಿರೋದು ಅಗಲವಾಗಿ ಓದಿರೋದು ಮತ್ತೆ ವೇಗ. ಐಇಎಸ್‌ಗೆ ಆಳ ಮತ್ತೆ ಕೈಬರಹ. ಡಿಇಪಿಆರ್‌ಗೆ ಟಿಕ್ ಹಾಕೋದೂ ಬೇಕು ಬರೆಯೋದೂ ಬೇಕು, ಜೊತೆಗೆ ಆರ್‌ಬಿಐ ತಿಂಗಳ ಬುಲೆಟಿನ್ನು, ಮಾನಿಟರಿ ಪಾಲಿಸಿ ಹೇಳಿಕೆ ಇವನ್ನ ಓದೋ ಅಭ್ಯಾಸ ಇರ್ಬೇಕು. ನಮ್ಮ ಬ್ಯಾಚಲ್ಲಿ ಡಿಸೆಂಬರ್ ಹತ್ರ ಬರ್ತಿದ್ದ ಹಾಗೇ ಎಲ್ಲಾ ನಿಲ್ಲಿಸಿ ನೆಟ್ ಎಂಸಿಕ್ಯು ಮಾಡಿಸಿದ್ರು, ಫೆಬ್ರವರೀಲಿ ಅದನ್ನ ಬಿಟ್ಟು ಐಇಎಸ್, ನಡುವೆ ಒಂದೂವರೆ ತಿಂಗಳು ಯಾವುದೂ ಇಲ್ಲ. ನನಗೆ ನೆಟ್ಟಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆ ಆಯ್ತು, ಜೆಆರ್‌ಎಫ್ (ಪಿಎಚ್‌ಡಿ ಮಾಡೋಕೆ ಸಿಗೋ ಫೆಲೋಶಿಪ್) ಸ್ವಲ್ಪದ್ರಲ್ಲಿ ತಪ್ಪಿತು, ಜೂನಲ್ಲಿ ಬರೆದ ಐಇಎಸ್ ಲಿಖಿತದಲ್ಲಿ ಆಗ್ಲಿಲ್ಲ. ಐಇಎಸ್ ಸೀಟೂ ಕಮ್ಮಿ, 2024ರಲ್ಲಿ ಇಡೀ ದೇಶಕ್ಕೆ 18 ಹುದ್ದೆ ಕರೆದಿದ್ರು, ವಯಸ್ಸು 21ರಿಂದ 30. ಇದನ್ನೊಂದೇ ನಂಬ್ಕೊಂಡು ಕೂರಬೇಡಿ.

ಈಗ ಕೋರ್ಸ್‌ನೋರು ಹತ್ತು ತಿಂಗಳಲ್ಲಿ ಒಂದ್ ಸಲನೂ ಬಾಯಿ ಬಿಡದೇ ಇದ್ದ ವಿಷಯಗಳು, ನಾನೇ ಹುಡುಕಿ ಕೇಳಿ ತಿಳ್ಕೊಂಡಿದ್ದು. ಕರಿಯರ್ ಗೈಡೆನ್ಸ್ ಅಂತ ದುಡ್ಡು ತಗೊಂಡ ಮೇಲೆ ಇದನ್ನ ಹೇಳ್ಬೇಕಿತ್ತು.

ಎಂಎ ಮೊದಲ ವರ್ಷದಲ್ಲಿ ಇರೋರು ಆರ್‌ಬಿಐ ಸಮ್ಮರ್ ಇಂಟರ್ನ್‌ಶಿಪ್ ನೋಡಿ. ಎಕನಾಮಿಕ್ಸ್ ಪಿಜಿ ವಿದ್ಯಾರ್ಥಿಗಳು ಅರ್ಜಿ ಹಾಕಬಹುದು, ಅಕ್ಟೋಬರಿಂದ ಡಿಸೆಂಬರ್ ನಡುವೆ ಅರ್ಜಿ, ಏಪ್ರಿಲಿಂದ ಜುಲೈ ಕೆಲಸ, ತಿಂಗಳಿಗೆ 20 ಸಾವಿರ ಸ್ಟೈಪೆಂಡು. ನನಗೆ ಗೊತ್ತಾಗೋ ಹೊತ್ತಿಗೆ ನನ್ನ ಎಂಎ ಮುಗಿದಿತ್ತು. ನೀತಿ ಆಯೋಗದ ಇಂಟರ್ನ್‌ಶಿಪ್ಪೂ ಇದೆ, ಆದ್ರೆ ಅದಕ್ಕೆ ದುಡ್ಡು ಕೊಡಲ್ಲ, ದೆಹಲೀಲಿ ಇರೋಕೆ ಅನುಕೂಲ ಇರೋರು ಮಾಡ್ಬಹುದು, ನಮ್ಮಂಥ ಮನೆಯವರಿಗೆ ಕಷ್ಟ.

ಡಿಗ್ರೀಲೇ ಇರೋರಿಗೆ ಇನ್ನೂ ದಾರಿ ಇದೆ. ಮುಂಬೈನ ಐಜಿಐಡಿಆರ್ (ಇಂದಿರಾ ಗಾಂಧಿ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ರಿಸರ್ಚ್), ಆರ್‌ಬಿಐಯೇ 1987ರಲ್ಲಿ ಕಟ್ಟಿದ ಸಂಸ್ಥೆ, ಎಂಎಸ್ಸಿ ಎಕನಾಮಿಕ್ಸ್ ಇದೆ. ಐಎಸ್‌ಐನ (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ಎಂಎಸ್‌ಕ್ಯೂಇ, ಅಂದ್ರೆ ಕ್ವಾಂಟಿಟೇಟಿವ್ ಎಕನಾಮಿಕ್ಸ್ ಪಿಜಿ, ಕೋಲ್ಕತ್ತ, ದೆಹಲೀಲಿ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಸಿಯುಇಟಿ ಪಿಜಿ ಪ್ರವೇಶ ಪರೀಕ್ಷೆ ಮೂಲಕ. ಆದ್ರೆ ಇವು ಗಣಿತ ಕೇಳೋ ಜಾಗಗಳು, ಐಎಸ್‌ಐ ಪರೀಕ್ಷೇಲಂತೂ ಒಂದು ಪೇಪರೇ ಪೂರ್ತಿ ಗಣಿತ. ಪಿಯುಸಿ ಮುಗಿಸ್ತಿರೋ ತಮ್ಮ ತಂಗೀರು ಯಾರಾದ್ರೂ ಮನೇಲಿದ್ರೆ ಬೆಂಗಳೂರಿನ ಜ್ಞಾನಭಾರತೀಲಿ ಬೇಸ್ ಯುನಿವರ್ಸಿಟಿ ಇದೆ, ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್, 2017ರಲ್ಲಿ ಶುರು ಆಗಿದ್ದು, ಐದು ವರ್ಷದ ಇಂಟಿಗ್ರೇಟೆಡ್ ಎಂಎಸ್ಸಿ, ಹೇಳಿ ಅವರಿಗೆ.

ಪಿಎಚ್‌ಡಿ ಆಸೆ ಇದ್ರೆ ಬೆಂಗಳೂರಿನ ನಾಗರಭಾವಿಯ ಐಸೆಕ್ (ಇನ್‌ಸ್ಟಿಟ್ಯೂಟ್ ಫಾರ್ ಸೋಶಿಯಲ್ ಅಂಡ್ ಎಕನಾಮಿಕ್ ಚೇಂಜ್). ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಶುರು ಮಾಡಿದ್ದು. ಒಂದ್ಸಲ ಅಲ್ಲಿ ಸೆಮಿನಾರಿಗೆ ಹೋಗಿದ್ದೆ, ರಾಯಚೂರಿನ ತೊಗರಿ ಬೆಳೆಗಾರರ ಸಾಲದ ಬಗ್ಗೆ ನನ್ನ ವಯಸ್ಸಿನ ಹುಡುಗಿ ಒಬ್ಬಳು ಮಾತಾಡ್ತಿದ್ಲು, ಇದು ನಮ್ಮನೆ ಕಥೆ ಅಲ್ವಾ, ಇದನ್ನ ಎಕನಾಮಿಕ್ಸ್ ಅಂತ ಓದಬಹುದಾ ಅನ್ನಿಸ್ತು. ಧಾರವಾಡದಲ್ಲಿ ಸಿಎಂಡಿಆರ್ ಅನ್ನೋ ಸಂಶೋಧನಾ ಸಂಸ್ಥೆ ಇದೆ, ಉತ್ತರ ಕರ್ನಾಟಕದೋರಿಗೆ ಹತ್ರ. ಜೆಆರ್‌ಎಫ್ ಆದ್ರೆ ತಿಂಗಳಿಗೆ 37 ಸಾವಿರ, ಆಗದಿದ್ರೂ ಈಗ ನೆಟ್ ಅಂಕ ಪಿಎಚ್‌ಡಿ ಪ್ರವೇಶಕ್ಕೆ ನಡೆಯುತ್ತೆ. ಇನ್ನೊಂದು, ಹಳ್ಳಿಗಳಲ್ಲಿ ಸರ್ವೇ ಮಾಡಿಸೋ ಸಂಶೋಧನಾ ಯೋಜನೆಗಳಿಗೆ ಕನ್ನಡ ಚೆನ್ನಾಗಿ ಬಂದು, ಎಕ್ಸೆಲ್ಲು ಮತ್ತೆ ಸ್ಟಾಟಾ ಅಥವಾ ಆರ್ (ಅಂಕಿಅಂಶ ವಿಶ್ಲೇಷಣೆ ಸಾಫ್ಟ್‌ವೇರುಗಳು) ಗೊತ್ತಿರೋರು ಬೇಕೇ ಬೇಕು. ಆರ್ ಬಿಟ್ಟಿ ಸಾಫ್ಟ್‌ವೇರು. ರೈತರ ಹತ್ರ ಕೂತು ಅವರ ಭಾಷೇಲೇ ಸಾಲ ಎಷ್ಟು, ಬಡ್ಡಿ ಎಷ್ಟು ಅಂತ ಕೇಳೋಕೆ ನಮಗಿಂತ ಚೆನ್ನಾಗಿ ಯಾರಿಗೆ ಬರುತ್ತೆ ಹೇಳಿ, ನಮ್ಮ ಕನ್ನಡ ಮೀಡಿಯಂ ಅಲ್ಲಿ ಬಂಡವಾಳ.

ಹಾಗಾದ್ರೆ ಕೋರ್ಸ್ ತಗೋಬೇಕಾ? ಮ್ಯಾಥ್ಸ್ ಇದ್ದು, ಇಂಗ್ಲಿಷಲ್ಲಿ ಓದಿ, ಕೆಲಸದ ಜೊತೆ ತಯಾರಿ ಮಾಡ್ತಿರೋರಿಗೆ ಮೈಕ್ರೋ ಕ್ಲಾಸಿಗೋಸ್ಕರ ಅರ್ಧ ಫೀಸಿಗೆ ಸಿಕ್ಕಿದ್ರೆ ತಗೋಬಹುದು. ಎಚ್‌ಇಪಿ ಕನ್ನಡ ಮೀಡಿಯಂನೋರಿಗೆ ನಾನು ಬೇಡ ಅಂತೀನಿ, ಮೊದಲ ಎರಡು ತಿಂಗಳು ಎನ್‌ಸಿಇಆರ್‌ಟಿ ಮ್ಯಾಥ್ಸ್, ಆಮೇಲೆ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ಸ್ವಯಂ ಪೋರ್ಟಲಲ್ಲಿ ಮೈಕ್ರೋ, ಸ್ಟ್ಯಾಟಿಸ್ಟಿಕ್ಸ್ ಪಾಠ, ನೋಡೋಕೆ ದುಡ್ಡಿಲ್ಲ, ಯುಪಿಎಸ್‌ಸಿ ವೆಬ್‌ಸೈಟಲ್ಲಿ ಹಳೇ ಪ್ರಶ್ನೆಪತ್ರಿಕೆ, ಕರ್ನಾಟಕದ ಆರ್ಥಿಕ ಸಮೀಕ್ಷೆ ಕನ್ನಡದಲ್ಲೂ ಇಂಗ್ಲಿಷಲ್ಲೂ ಬರುತ್ತೆ, ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಓದಿ, ಪಾರಿಭಾಷಿಕ ಪದಗಳು ತಾವಾಗೇ ಕೂರ್ತವೆ, ಇದು ನನಗೆ ತುಂಬ ಉಪಯೋಗ ಆಯ್ತು. ದುಡ್ಡು ಕೊಡೋದೇ ಆದ್ರೆ ಬರೀ ಆನ್ಸರ್ ಇವ್ಯಾಲ್ಯುಯೇಷನ್ನಿಗೆ ಕೊಡಿ, ಅದೂ ಕಟ್ಟೋ ಮುಂಚೆ ಹಳೇ ವಿದ್ಯಾರ್ಥಿಯ ತಿದ್ದಿದ ಉತ್ತರ ಒಂದನ್ನ ತೋರಿಸಿ ಅಂತ ಕೇಳಿ. ತೋರಿಸಲ್ಲ ಅಂದ್ರೆ ಕಟ್ಟಬೇಡಿ. ರೀಫಂಡ್ ನಿಯಮ ಓದಿ, ನಾನು ಎರಡನೇ ತಿಂಗಳಲ್ಲಿ ಕೇಳಿದಾಗ ಏಳು ದಿನ ದಾಟಿದೆ ಅಂದ್ರು.

ಐದಕ್ಕೆ ಎರಡು ಸ್ಟಾರ್ ಕೊಡ್ತೀನಿ, ಒಂದು ಮೈಕ್ರೋ ಮೇಷ್ಟ್ರಿಗೆ, ಇನ್ನೊಂದು ಆ ಕೆಂಪು ಇಂಕಿನವರಿಗೆ.

ಈಗ ಬ್ಯಾಚಲ್ಲಿ ಪರಿಚಯ ಆದ ಇಬ್ಬರ ಜೊತೆ, ಒಬ್ಬಳು ಸಿಂಧನೂರಿನವಳು ಒಬ್ಬ ಹಾಸನದವನು, ಪ್ರತಿ ಭಾನುವಾರ ಹಳೇ ಪೇಪರಿಂದ ಎರಡು ಪ್ರಶ್ನೆ ತಗೊಂಡು ಬರೆದು ಫೋಟೋ ಕಳಿಸ್ಕೊಂಡು ಒಬ್ಬರದ್ದು ಒಬ್ಬರು ತಿದ್ತೀವಿ, ಕೆಂಪು ಇಂಕಲ್ಲೇ. ಮುಂದಿನ ಜೂನಿಗೆ ಮತ್ತೆ ಬರೀತಿದೀನಿ. ಯಾರಾದ್ರೂ ಎಚ್‌ಇಪಿ ಓದಿದೋರು ನಾಲ್ಕನೆಯವರಾಗಿ ಸೇರ್ಕೊಳ್ಳೋ ಹಾಗಿದ್ರೆ ಕೆಳಗೆ ಬರೀರಿ, ಗಣಿತ ಬರಲ್ಲ ಅನ್ನೋ ಸಂಕೋಚ ಬೇಡ, ಆ ಮೊನೊಪೊಲಿ ಲೆಕ್ಕದಿಂದಲೇ ಶುರು ಮಾಡೋಣ.