ಪೂರ್ತಿ ಪಂದ್ಯ ನೋಡಿದರೆ ಮಾತ್ರ ಕಾಣುವ ಹುಡುಗರು: ಎನ್‌ಬಿಎ ಲೀಗ್ ಪಾಸ್ ತಗೊಂಡ ಒಂದು ಸೀಸನ್

ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಕಾಫಿಪುಡಿ ಅಂಗಡಿ. ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆಯಬೇಕು. ಅದಕ್ಕೆ ಮೊದಲು ಸಿಗುವ ಹೊತ್ತನ್ನು 2024-25ರ ಸೀಸನ್‌ನಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್‌ಗೆ ಕೊಟ್ಟೆವು, ನಾನು ಮತ್ತು ನನ್ನ ಮಗಳು. ಅದಕ್ಕಾಗಿ ತಗೊಂಡಿದ್ದು ಎನ್‌ಬಿಎ ಲೀಗ್ ಪಾಸ್, ಅಂದರೆ ಅಲ್ಲಿನ ದೊಡ್ಡ ಬಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎಯ ಪಂದ್ಯಗಳನ್ನು ಆ್ಯಪ್‌ನಲ್ಲಿ ನೋಡುವ ಚಂದಾ. ತಗೊಳ್ಳಬಹುದಾ ಎಂದು ಅಂಗಡಿಗೆ ಬರುವ ಇಬ್ಬರು ಮೂವರು ಕೇಳಿದ್ದಾರೆ. ಅವರಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ತಗೊಂಡ ಕಾರಣ ಮೊದಲು ಹೇಳಬೇಕು. ಮಗಳು ಶಾಲೆಯ ಟೀಮಿನಲ್ಲಿದ್ದಾಳೆ. ಟೀಮಿನಲ್ಲಿ ಹನ್ನೆರಡು ಜನ, ಇವಳು ಒಂಬತ್ತನೆಯವಳೋ ಹತ್ತನೆಯವಳೋ. ಒಂದು ಸಂಜೆ ಪಂದ್ಯ ಮುಗಿಸಿ ಬಂದು ಶೂ ಬಿಚ್ಚಿಟ್ಟಳು. ಎತ್ತಿ ನೋಡಿದೆ. ಹಿಂದಿನ ದಿನ ನಾನು ಒರೆಸಿಟ್ಟಿದ್ದ ಹಾಗೇ ಇತ್ತು, ತಳದಲ್ಲಿ ಒಂದು ಚೂರು ಧೂಳಿಲ್ಲ. ಅವಳು ಏನೂ ಹೇಳಲಿಲ್ಲ. ಊಟ ಮಾಡಿ ಫೋನಿನಲ್ಲಿ ಹೈಲೈಟ್ಸ್ ನೋಡುತ್ತಾ ಕೂತಳು.

ಹೈಲೈಟ್ಸ್‌ನಲ್ಲಿ ಏನಿರುತ್ತದೆ? ಹತ್ತು ನಿಮಿಷ ದೊಡ್ಡ ಆಟಗಾರರು ಹಾರಿ ಚೆಂಡನ್ನು ಬುಟ್ಟಿಗೆ ತುರುಕುವ ಡಂಕ್, ದೂರದಿಂದ ಹಾಕಿದ ಮೂರು ಪಾಯಿಂಟ್ ಶಾಟ್‌ಗಳು, ಕೊನೆಯ ನಿಮಿಷದ ಗದ್ದಲ. ಬೆಂಚಿನಿಂದ ಎದ್ದು ಬಂದ ಹುಡುಗ ಎಂಟು ನಿಮಿಷ ಯಾರನ್ನು ತಡೆದ, ಎಷ್ಟು ಸಲ ಓಡಿದ, ಅವನು ಬಂದ ಮೇಲೆ ಟೀಮಿನ ವೇಗ ಹೇಗೆ ಬದಲಾಯಿತು, ಇದ್ಯಾವುದೂ ಅದರಲ್ಲಿ ಕಾಣುವುದಿಲ್ಲ. ಅವಳಂಥವರು ಅಲ್ಲಿ ಇಲ್ಲವೇ ಇಲ್ಲ. ನನಗೆ ಅದೇ ಕೊರೆಯುತ್ತಿತ್ತು. ಅದಕ್ಕೇ ಪಾಸ್ ತಗೊಂಡೆ.

ಪಾಸ್‌ನಲ್ಲಿ ಪಂದ್ಯವನ್ನು ಲೈವ್ ನೋಡಬಹುದು, ಆಮೇಲೆ ಪೂರ್ತಿಯಾಗಿಯೂ ನೋಡಬಹುದು. ಸ್ಕೋರ್ ಕಾಣದ ಹಾಗೆ ಮುಚ್ಚಿಡುವ ಸೆಟ್ಟಿಂಗ್ ಇದೆ. ರೇಟು ಆಗಾಗ ಬದಲಾಗುತ್ತದೆ, ಆ್ಯಪ್‌ನಲ್ಲೇ ನೋಡಿಕೊಳ್ಳಿ. ಸಮಯದ ಲೆಕ್ಕ ಮಾತ್ರ ತಿಳಿದಿರಲಿ. ಅಮೆರಿಕದ ಪೂರ್ವ ಭಾಗದಲ್ಲಿ ರಾತ್ರಿ ಏಳಕ್ಕೆ ಶುರುವಾಗುವ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಗ್ಗೆ ಐದೂವರೆ. ಮಾರ್ಚ್‌ನಲ್ಲಿ ಅವರು ಗಡಿಯಾರ ಮುಂದೆ ಇಡುತ್ತಾರೆ, ಆಗ ನಮಗೆ ಒಂದು ಗಂಟೆ ಮೊದಲೇ ಬರುತ್ತದೆ. ಪಶ್ಚಿಮ ಕರಾವಳಿಯ ಪಂದ್ಯಗಳು ಎಂಟು, ಎಂಟೂವರೆಗೆ. ಅಂಗಡಿ ಇಟ್ಟವರಿಗೆ ಅವು ಆಗುವುದಿಲ್ಲ. ನಾವು ಪೂರ್ವದ ಮತ್ತು ನಡುವಿನ ಊರುಗಳ ಟೀಮುಗಳನ್ನೇ ನೋಡಿದೆವು. ಹಾಗೆ ನೋಡುತ್ತಾ ಮಗಳು ಇಂಡಿಯಾನಾ ಪೇಸರ್ಸ್ ಹಿಡಿದುಕೊಂಡಳು.

ಅವಳಿಗೆ ಇಷ್ಟವಾಗಿದ್ದು ಬೆನೆಡಿಕ್ಟ್ ಮ್ಯಾಥುರಿನ್, ಕೆನಡಾದ ಹುಡುಗ. 2024ರಲ್ಲಿ ಭುಜಕ್ಕೆ ಪೆಟ್ಟಾಗಿ ಪ್ಲೇಆಫ್ ಪೂರ್ತಿ ಹೊರಗಿದ್ದ. ಮುಂದಿನ ಸೀಸನ್‌ನಲ್ಲಿ ಮೊದಲ ಐವರಲ್ಲಿ ಎಷ್ಟೋ ಪಂದ್ಯ ಆಡಿದ. ಗಾಯವಾಗಿದ್ದ ಆ್ಯರನ್ ನೆಸ್ಮಿತ್ ಗುಣವಾಗಿ ಬಂದ ಮೇಲೆ ಮತ್ತೆ ಬೆಂಚಿಗೆ ಹೋದ. ಆಡುತ್ತಿದ್ದವನನ್ನು ಕೂರಿಸಿದರೆ ಹೇಗಾಗುತ್ತದೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ವಿವರಿಸಬೇಕಾಗಿರಲಿಲ್ಲ.

ಆಮೇಲೆ ಬಂತು ಫೈನಲ್ಸ್, ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಕಪ್ ಸಿಗುವ ಸರಣಿ. ಅದರ ಮೂರನೇ ಪಂದ್ಯ. 2025ರ ಜೂನ್ 12, ಗುರುವಾರ, ನಮ್ಮ ಬೆಳಗ್ಗೆ ಆರು ಗಂಟೆ. ಹೊರಗೆ ಮಳೆ. ಎದುರಿಗೆ ಒಕ್ಲಹೋಮಾ ಸಿಟಿ ಥಂಡರ್, ಆ ಸೀಸನ್‌ನಲ್ಲಿ 82ರಲ್ಲಿ 68 ಗೆದ್ದ ಟೀಮು. ಮೊದಲ ಕ್ವಾರ್ಟರ್ (ಪಂದ್ಯದ ಕಾಲು ಭಾಗ) ಮುಗಿದಾಗ ಥಂಡರ್ 32, ಪೇಸರ್ಸ್ 24. ಮಗಳು ಕಂಬಳಿ ಹೊದ್ದುಕೊಂಡು ಸುಮ್ನೆ ಕೂತಿದ್ದಳು.

ಎರಡನೇ ಕ್ವಾರ್ಟರ್‌ನಲ್ಲಿ ಬೆಂಚಿನವರು ಬಂದರು. ಮ್ಯಾಥುರಿನ್ ಬಂದ. ಜೊತೆಗೆ ಟಿ.ಜೆ. ಮೆಕಾನೆಲ್, 33 ವರ್ಷ, ಆರಡಿ ಒಂದಿಂಚು. ಆ ಆಟದಲ್ಲಿ ಅದು ಕುಳ್ಳು. 2015ರ ಡ್ರಾಫ್ಟ್‌ನಲ್ಲಿ, ಅಂದರೆ ಟೀಮುಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಯಾವ ಟೀಮೂ ಆರಿಸಿಕೊಳ್ಳದೆ ಬಿಟ್ಟಿದ್ದ ಆಟಗಾರ. ಅವನು ಮಾಡುವುದನ್ನು ಗಮನವಿಟ್ಟು ನೋಡಬೇಕು. ಬುಟ್ಟಿಗೆ ಚೆಂಡು ಬಿದ್ದ ಮೇಲೆ ಎಲ್ಲರೂ ತಿರುಗಿ ಓಡುತ್ತಾರೆ. ಎದುರಾಳಿ ಲೈನಿನ ಆಚೆ ನಿಂತು ಚೆಂಡನ್ನು ಒಳಗೆ ಕೊಡುವ ಆ ಒಂದು ಕ್ಷಣ ಯಾರಿಗೂ ಮುಖ್ಯ ಅನಿಸುವುದಿಲ್ಲ. ಮೆಕಾನೆಲ್ ಮಾತ್ರ ಅಲ್ಲೇ ಸುಳಿದಾಡುತ್ತಿರುತ್ತಾನೆ. ಪಾಸ್ ಕೈಬಿಟ್ಟ ತಕ್ಷಣ ನುಗ್ಗಿ ಕಸಿದುಕೊಳ್ಳುತ್ತಾನೆ, ಅಲ್ಲೇ ಎರಡು ಪಾಯಿಂಟ್. ಆವತ್ತು ಅವನು ಐದು ಸಲ ಚೆಂಡು ಕದ್ದ. ಮಗಳು ಕಂಬಳಿ ಎಸೆದು ನೆಲಕ್ಕೆ ಇಳಿದಳು. "ಅಪ್ಪಾ, ಹಿಂದಕ್ಕೆ ಹಾಕಿ, ಅವನ ಕಾಲು ನೋಡಬೇಕು" ಎಂದಳು. ಹಿಂದಕ್ಕೆ ಹಾಕಿದೆ. ಮೂರು ಸಲ ಹಾಕಿದೆ. ಕಾಲು ಆಗಲೇ ಬುಟ್ಟಿಯ ಕಡೆಗೆ ತಿರುಗಿರುತ್ತದೆ, ತಲೆ ಮಾತ್ರ ಬೇರೆ ಕಡೆ. ಇಂಥದ್ದನ್ನು ನೋಡಲು ಪೂರ್ತಿ ಪಂದ್ಯವೇ ಬೇಕು.

ಆ ಒಂದೇ ಕ್ವಾರ್ಟರ್‌ನಲ್ಲಿ ಪೇಸರ್ಸ್ 40 ಪಾಯಿಂಟ್ ಹಾಕಿದರು. ಅರ್ಧ ಹೊತ್ತಿಗೆ 64-60, ಪೇಸರ್ಸ್ ಮುಂದೆ. ಮೂರನೆಯದರಲ್ಲಿ ಮತ್ತೆ ಹಿಂದೆ ಬಿದ್ದು 84-89 ಆಯಿತು. ಅಷ್ಟರಲ್ಲಿ ನಮ್ಮಲ್ಲಿ ಕರೆಂಟ್ ಹೋಯಿತು. ಇನ್ವರ್ಟರ್ ಬ್ಯಾಟರಿ ಹಳೆಯದು, ಎರಡು ನಿಮಿಷ ಕೂಡ ತಡೆಯಲಿಲ್ಲ. ಮಳೆಗೆ ಮೊಬೈಲ್ ಸಿಗ್ನಲ್ಲೂ ಒಂದು ಕಡ್ಡಿ. ಮಗಳು ಅಳುವ ಹಾಗೆ ಶಾಲೆಗೆ ಹೋದಳು. ಎನ್‌ಬಿಎ ನೋಡುವ ಗೆಳತಿ ಒಬ್ಬಳಿದ್ದಾಳೆ, ಅವಳಿಗೆ "ಸ್ಕೋರ್ ಹೇಳಿದರೆ ನಿನ್ನ ಜೊತೆ ಮಾತು ಬಿಡ್ತೀನಿ" ಎಂದಿದ್ದಳಂತೆ. ನಾನೂ ಇಡೀ ದಿನ ಕ್ರೀಡಾ ಸುದ್ದಿ ತೆರೆಯಲಿಲ್ಲ.

ಸಂಜೆ ಸ್ಕೋರ್ ಮುಚ್ಚುವ ಸೆಟ್ಟಿಂಗ್ ಹಾಕಿ ಕೊನೆಯ ಕ್ವಾರ್ಟರ್ ನೋಡಿದೆವು. ನನ್ನ ಲೆಕ್ಕದಲ್ಲಿ ಈ ಒಂದು ಸೌಲಭ್ಯಕ್ಕೇ ದುಡ್ಡು ವಸೂಲಾಯಿತು. ಪೇಸರ್ಸ್ 32, ಥಂಡರ್ 18. ಪಂದ್ಯ 116-107. ಮ್ಯಾಥುರಿನ್ ಬರೀ 22 ನಿಮಿಷ ಆಡಿ 27 ಪಾಯಿಂಟ್ ಹಾಕಿದ್ದ, ಎರಡೂ ಟೀಮು ಸೇರಿ ಅವನದೇ ಹೆಚ್ಚು. ಬೆಂಚಿನವರ ಲೆಕ್ಕ ಮಾತ್ರ ತೆಗೆದರೆ ಪೇಸರ್ಸ್ 49, ಥಂಡರ್ 18. ಮಗಳು ಈ ಎರಡು ಅಂಕಿಗಳನ್ನು ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಳು. ಈಗಲೂ ಇದೆ.

ಇದು ಪೇಸರ್ಸ್‌ನ ಕಥೆ ಮಾತ್ರ ಅಲ್ಲ. ಅದಕ್ಕೆ ಮೂರು ದಿನ ಮೊದಲು, ಎರಡನೇ ಪಂದ್ಯದಲ್ಲಿ, ಥಂಡರ್ ಬೆಂಚಿನಿಂದ ಬಂದ ಆ್ಯರನ್ ವಿಗಿನ್ಸ್ 18 ಪಾಯಿಂಟ್ ಹಾಕಿದ್ದ, ಅದರಲ್ಲಿ ಐದು ಮೂರು-ಪಾಯಿಂಟ್ ಶಾಟ್. ಅರವತ್ತು ಜನರನ್ನು ಆರಿಸುವ 2021ರ ಡ್ರಾಫ್ಟ್‌ನಲ್ಲಿ ಅವನ ಸರದಿ ಬಂದಿದ್ದು 55ಕ್ಕೆ. ನಮ್ಮ ಪಂಜಾಬಿನ ಸತ್ನಾಮ್ ಸಿಂಗ್ 2015ರಲ್ಲಿ 52ನೆಯವನಾಗಿ ಆಯ್ಕೆಯಾಗಿದ್ದು ನೆನಪಿದೆಯಾ? ಅಷ್ಟು ಕೆಳಗಿನಿಂದ ಬಂದವರು ಈ ಲೀಗಿನಲ್ಲಿ ಉಳಿಯುವುದೇ ಕಷ್ಟ. ವಿಗಿನ್ಸ್ ಉಳಿದ, ಕಪ್ಪೂ ಎತ್ತಿದ. ಥಂಡರ್‌ನ ಕೇಸನ್ ವ್ಯಾಲೆಸ್‌ಗೆ ಆಗ ಬರೀ 21 ವರ್ಷ, ಅವನು ಚೆಂಡು ಹಿಡಿದವನಿಗೆ ಉಸಿರಾಡಲು ಬಿಡುತ್ತಿರಲಿಲ್ಲ.

ಬೆಂಚಿನವರು ಬಂದಾಗ ಆಟ ಯಾಕೆ ತಿರುಗುತ್ತದೆ ಎಂಬುದೂ ನೋಡುತ್ತಾ ಅರ್ಥವಾಯಿತು. ಪಂದ್ಯ 48 ನಿಮಿಷ. ಮೊದಲ ಐವರು ಅಷ್ಟೂ ಹೊತ್ತು ಓಡಲಾರರು. ಪೇಸರ್ಸ್ ಕೋಚ್ ರಿಕ್ ಕಾರ್ಲೈಲ್ ಒಂಬತ್ತು ಹತ್ತು ಜನರನ್ನು ಇಳಿಸಿ, ಎದುರಾಳಿಯನ್ನು ಕೋರ್ಟಿನ ಉದ್ದಕ್ಕೂ ಓಡಿಸುತ್ತಿದ್ದರು. ಹೊಸ ಕಾಲು ಬಂದು ದಣಿದ ಕಾಲಿನ ಮೇಲೆ ಬೀಳುತ್ತದೆ. ಕೊನೆಯ ಕ್ವಾರ್ಟರ್‌ನಲ್ಲಿ ಅದರ ಫಲ ಕಾಣುತ್ತದೆ. ಆ್ಯಪ್‌ನ ಅಂಕಿ ಪಟ್ಟಿಯಲ್ಲಿ ಪ್ಲಸ್-ಮೈನಸ್ ಎಂಬ ಕಾಲಂ ಇದೆ. ಒಬ್ಬ ಆಟಗಾರ ಕೋರ್ಟಿನಲ್ಲಿ ಇದ್ದ ಹೊತ್ತಿನಲ್ಲಿ ಟೀಮು ಎಷ್ಟು ಪಾಯಿಂಟ್ ಮೇಲೆ ಬಂತು, ಎಷ್ಟು ಕೆಳಗೆ ಹೋಯಿತು ಎಂಬ ಲೆಕ್ಕ. ಒಂದು ಪಂದ್ಯದ್ದನ್ನು ಜಾಸ್ತಿ ನಂಬಬಾರದು. ಆದರೆ ಎರಡೇ ಪಾಯಿಂಟ್ ಹಾಕಿದ ಹುಡುಗನ ಎದುರು ಪ್ಲಸ್ ಹನ್ನೆರಡು ಅಂತ ಕಂಡಾಗ ಮಗಳ ಮುಖ ನೋಡಬೇಕಿತ್ತು. "ಪಾಯಿಂಟ್ ಹಾಕದೇನೂ ಗೆಲ್ಲಿಸಬಹುದು ಅಲ್ವಾ ಅಪ್ಪಾ?" ಎಂದು ಕೇಳಿದಳು. ಹೌದು ಪುಟ್ಟಿ ಎಂದೆ. ಕೋಚ್ ಅಲ್ಲದ ನಾನು ಎಷ್ಟು ಸಲ ಹೇಳಿದ್ದರೂ ಅವಳು ನಂಬುತ್ತಿರಲಿಲ್ಲ.

ಸರಣಿ ಏಳನೇ ಪಂದ್ಯದವರೆಗೆ ಹೋಯಿತು. ಆವತ್ತು ಮೊದಲ ಕ್ವಾರ್ಟರ್‌ನಲ್ಲೇ ಪೇಸರ್ಸ್‌ನ ಮುಖ್ಯ ಆಟಗಾರ ಟೈರೀಸ್ ಹ್ಯಾಲಿಬರ್ಟನ್ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿದುಕೊಂಡು ಬಿದ್ದ. ನಾವಿಬ್ಬರೂ ಮಾತಾಡಲಿಲ್ಲ. ಆಮೇಲೆ ಟೀಮನ್ನು ಎಳೆದಿದ್ದು ಬೆಂಚಿನವರೇ. ಮ್ಯಾಥುರಿನ್ 24 ಪಾಯಿಂಟ್, 13 ರೀಬೌಂಡ್ (ಬುಟ್ಟಿಗೆ ಬೀಳದೆ ಚಿಮ್ಮಿದ ಚೆಂಡನ್ನು ಹಿಡಿಯುವುದು). ಮೆಕಾನೆಲ್ 16 ಪಾಯಿಂಟ್. ಸಾಕಾಗಲಿಲ್ಲ, ಥಂಡರ್ 103-91ರಲ್ಲಿ ಗೆದ್ದು ಚಾಂಪಿಯನ್ ಆಯಿತು. ಮಗಳು ಅತ್ತಳು. ಸೋಲಿಗಿಂತ ಜಾಸ್ತಿ, ಹ್ಯಾಲಿಬರ್ಟನ್ ಕೈಯಿಂದ ನೆಲ ಗುದ್ದಿದ್ದಕ್ಕೆ.

ಶಾಲೆ ಪಂದ್ಯಗಳು ಶುರುವಾದವು. ಒಂದರಲ್ಲಿ ಇವಳಿಗೆ ಆರು ನಿಮಿಷ ಸಿಕ್ಕಿತು. ನಾನು ಅಂಗಡಿಯನ್ನು ತಮ್ಮನಿಗೆ ಬಿಟ್ಟು ಹೋಗಿದ್ದೆ. ಬುಟ್ಟಿ ಬಿದ್ದ ಮೇಲೆ ಎಲ್ಲರೂ ಹಿಂದಕ್ಕೆ ಓಡಿದರು. ಇವಳು ಓಡಲಿಲ್ಲ. ಲೈನಿನ ಹತ್ತಿರ, ತಲೆ ಬೇರೆ ಕಡೆ ಹಾಕಿಕೊಂಡು, ನಿಂತಳು. ಪಾಸ್ ಬಂತು, ಕೈ ಹಾಕಿದಳು, ಚೆಂಡು ಸಿಕ್ಕಿತು. ಶಾಟ್ ರಿಂಗ್‌ಗೆ ಬಡಿದು ಹೊರಗೆ ಹೋಯಿತು. ಬೆಂಚಿನಲ್ಲಿದ್ದ ಹುಡುಗಿಯರೆಲ್ಲ ಎದ್ದು ನಿಂತು ಕೂಗಿದರು. ಆವತ್ತು ಶೂ ಒರೆಸುವಾಗ ಮೊದಲ ಸಲ ಎರಡು ಬಟ್ಟೆ ಬೇಕಾಯಿತು.

ಇನ್ನು ಕೊರತೆಯ ಮಾತು. ನಾವು ಕೇಳಿದ್ದು ಇಂಗ್ಲಿಷ್ ಕಾಮೆಂಟರಿ, ಅದೂ ಅಮೆರಿಕದವರ ವೇಗದಲ್ಲಿ. ಕಬಡ್ಡಿಯನ್ನು ಕನ್ನಡದಲ್ಲಿ ಕೇಳಿ ರೂಢಿಯಾದವರಿಗೆ ಮೊದಲ ಒಂದು ತಿಂಗಳು ಕಷ್ಟ. ನನಗೆ ಮಗಳು ಬಿಡಿಸಿ ಹೇಳುತ್ತಿದ್ದಳು. ಇಂಟರ್‌ನೆಟ್ ಗಟ್ಟಿಯಾಗಿ ಇರಲೇಬೇಕು. ತೋಟದ ಮನೆಗಳಲ್ಲಿ ಸಿಗ್ನಲ್ ಇಲ್ಲದವರು ಮೊದಲು ಒಂದು ತಿಂಗಳಿಗೆ ಮಾತ್ರ ತಗೊಂಡು ನೋಡಿ. ಒಂದೇ ಟೀಮಿನ ಹೈಲೈಟ್ಸ್ ಸಾಕು ಅನ್ನುವವರಿಗೆ ಇದು ಬೇಡ, ಅದು ಹೇಗೂ ಬಿಟ್ಟಿ ಸಿಗುತ್ತದೆ. ಮನೆಯಲ್ಲಿ ಆಡುವ ಮಗು ಇದ್ದರೆ, ಅದರಲ್ಲೂ ಬೆಂಚಿನಲ್ಲಿ ಕೂರುವ ಮಗು ಇದ್ದರೆ, ಯೋಚನೆ ಮಾಡದೆ ತಗೊಳ್ಳಿ. ಜೊತೆಯಲ್ಲಿ ಕೂತು ನೋಡಿ.

ನಾನು ಮುಂದಿನ ಸೀಸನ್‌ಗೂ ಕಟ್ಟಿದೆ. ಅದಕ್ಕೂ ಮೊದಲು ಇನ್ವರ್ಟರ್‌ಗೆ ಹೊಸ ಬ್ಯಾಟರಿ ಹಾಕಿಸಿದೆ.