ಗುಡ್ಡದಿಂದ ಜಿಂಕೆ ಮಾಂಸ ಇಳಿಸುವುದು: ಮೂಳೆ ಸಮೇತವೋ, ಬಿಡಿಸಿಯೋ?

ಅಮೆರಿಕದ ಕೊಲೊರಾಡೊದ ವೈಟ್ ರಿವರ್ ನ್ಯಾಷನಲ್ ಫಾರೆಸ್ಟ್‌ನಂಥ ಸರ್ಕಾರಿ ಕಾಡಿನಲ್ಲಿ ಬೇಟೆಯಾಡಿದ ಮ್ಯೂಲ್ ಡೀರ್ (ಅಲ್ಲಿನ ಒಂದು ಜಾತಿಯ ಜಿಂಕೆ) ಬಿದ್ದ ಜಾಗಕ್ಕೆ ಗಾಡಿ ಬರುವುದಿಲ್ಲ, ಬೆನ್ನ ಮೇಲೆ ಹೊತ್ತೇ ಇಳಿಸಬೇಕು. ಮೂಳೆ ಬಿಡಿಸಿದರೆ ಹಗುರ ಎನ್ನುವವರೇ ಹೆಚ್ಚು. ಎರಡನ್ನೂ ಮಾಡಿ ನೋಡಿದ ಮೇಲೆ ನಮ್ಮ ಒಲವು ಮೂಳೆ ಸಮೇತದ ಕಡೆಗೆ.

ಆರಂಭ ಎರಡಕ್ಕೂ ಒಂದೇ, ಹೊಟ್ಟೆ ಬಗೆಯಬೇಕಿಲ್ಲ. ಮಗ್ಗುಲಾಗಿ ಮಲಗಿಸಿ, ಬೆನ್ನಿನುದ್ದಕ್ಕೂ ಚರ್ಮ ಸೀಳಿ ಕೆಳಕ್ಕೆ ಸುಲಿಯಿರಿ. ಮುಂಗಾಲನ್ನು ಮೈಗೆ ಹಿಡಿದಿರುವುದು ಬರೀ ಮಾಂಸ. ಭುಜದ ಹಲಗೆಯ ಹಿಂದೆ ಚಾಕು ಆಡಿಸಿದರೆ ಸಾಕು. ಹಿಂದೊಡೆಗೆ ಸೊಂಟದ ಮೂಳೆಗೆ ಒತ್ತಿಕೊಂಡೇ ಕೊಯ್ಯುತ್ತ ಹೋದರೆ ಗುಂಡು ಕೀಲು ಸಿಗುತ್ತದೆ. ಬೆನ್ನಿನ ಮತ್ತು ಕತ್ತಿನ ಮಾಂಸ ತೆಗೆದು ಮಗ್ಗುಲು ಬದಲಿಸಿ. ಕೊನೆಯ ಪಕ್ಕೆಲುಬಿನ ಹಿಂದೆ ಬೆನ್ನೆಲುಬಿನ ಒಳಬದಿಗೆ ಅಂಟಿರುವ ಮಾಂಸವನ್ನು ಬೆರಳಿನಿಂದಲೇ ಬಿಡಿಸಿ. ಅಲ್ಲಿ ಚಾಕು ಜಾರಿದರೆ ಜಠರ ಒಡೆದು ಮಾಂಸ ಕೆಡುತ್ತದೆ.

ಮೊಣಕಾಲಿನ ಕೆಳಗಿನದನ್ನು ಕತ್ತರಿಸಿ ಬಿಟ್ಟರೆ, ನಾಲ್ಕು ಕಾಲುಗಳಲ್ಲಿ ಉಳಿಯುವ ಮೂಳೆ ಕೆಲವೇ ಕಿಲೋ. ಉಳಿತಾಯ ಇಷ್ಟೇ. ಅದಕ್ಕೆ ತೆರುವ ಬೆಲೆ ದೊಡ್ಡದು. ಬಿಡಿಸಿದ ಮಾಂಸ ಚೀಲದ ತಳಕ್ಕೆ ಕುಸಿದು ಸೊಂಟದ ಕೆಳಗೆ ಜೋತಾಡುತ್ತದೆ. ಸಡಿಲ ಕಲ್ಲಿನ ಇಳಿಜಾರಿನಲ್ಲಿ ಹೆಜ್ಜೆ ತಪ್ಪಿಸುವುದು ಈ ತೂಗಾಟವೇ. ಮೂಳೆಯಿರುವ ತೊಡೆ ಕೋಲಿನಂತೆ ನೆಟ್ಟಗೆ ನಿಂತು ಬೆನ್ನಿಗೆ ಅಂಟಿಕೊಳ್ಳುತ್ತದೆ. ಬಿಡಿಸಿದಷ್ಟೂ ಕೊಯ್ದ ಮುಖಗಳು ಹೆಚ್ಚು, ಮಣ್ಣು ಕೂದಲು ಮೆತ್ತುವುದೂ ಹೆಚ್ಚು. ಆ ಮುಖಗಳ ಮೇಲೆ ಒಣಗಿದ ಪದರ ಕೊಯ್ದೆಸೆಯುವಾಗ ಒಳ್ಳೆಯ ಮಾಂಸವೂ ಹೋಗುತ್ತದೆ. ಸತ್ತ ಪ್ರಾಣಿಯ ಮೈ ಸೆಟೆದುಕೊಳ್ಳುವ ಮೊದಲೇ ಮೂಳೆಯಿಂದ ಬಿಡಿಸಿದ ಸ್ನಾಯು ಮುದುಡಿ ಗಟ್ಟಿಯಾಗುತ್ತದೆ, ಬೇಯಿಸಿದರೂ ಮೆತ್ತಗಾಗುವುದು ಕಷ್ಟ.

ಬಿಡಿಸುವುದಕ್ಕೂ ಒಂದು ಸಮಯವಿದೆ. ಅಕ್ಟೋಬರಿನ ಬಿಸಿಲು ಜೋರಾಗಿದ್ದು ನೆರಳು ಸಿಗದಿದ್ದರೆ ದಪ್ಪ ತೊಡೆಯಲ್ಲಿ ಮೂಳೆಯ ಸುತ್ತಲೇ ಶಾಖ ನಿಂತು ಹುಳಿ ವಾಸನೆ ಬರುತ್ತದೆ. ಪೂರ್ತಿ ಬಿಡಿಸುವ ಬದಲು ಒಳಬದಿಯಲ್ಲಿ ಮೂಳೆಯವರೆಗೆ ಒಂದು ಸೀಳು ಹಾಕಿ, ಗಾಳಿಯಾಡುವ ಬಟ್ಟೆಚೀಲದಲ್ಲಿ ತೂಗುಹಾಕಿದರೆ ಬಹುತೇಕ ಸರಿಹೋಗುತ್ತದೆ. ಎರಡನೇ ಸಲ ಹತ್ತಿ ಬರಲು ಹಗಲು ಸಾಲದು ಎನ್ನುವಷ್ಟು ದೂರವಿದ್ದರೆ ಮಾತ್ರ ಪೂರ್ತಿ ಬಿಡಿಸಿ, ಚಿಕ್ಕ ಚಿಕ್ಕ ಚೀಲಗಳಲ್ಲಿ ಹಂಚಿ ತುಂಬಿ. ಒಂದೇ ದೊಡ್ಡ ಚೀಲಕ್ಕೆ ತುರುಕಿದ ಮಾಂಸ ಒಳಗೆ ಆರುವುದೇ ಇಲ್ಲ.

ಹೇಗೆ ಇಳಿಸಿದರೂ ಗಂಡೋ ಹೆಣ್ಣೋ ಎಂಬ ಗುರುತು (ವೃಷಣ ಅಥವಾ ಕೆಚ್ಚಲಿನಂಥದ್ದು) ಮಾಂಸದ ಒಂದು ದೊಡ್ಡ ತುಂಡಿಗೆ ಸಹಜವಾಗಿ ಅಂಟಿಕೊಂಡಿರಲೇಬೇಕು, ಅದು ಕೊಲೊರಾಡೊದ ಕಾನೂನು. ಮೂಳೆ ಸಮೇತ ತೊಡೆಯಲ್ಲಿ ಇದನ್ನು ಉಳಿಸಿಕೊಳ್ಳುವುದು ಸುಲಭ. ಬಿಡಿಸುವಾಗ ಮೊದಲು ಕೈತಪ್ಪುವುದು ಇದೇ.