ವೃತ್ತಗಳಿಗೆ ಪೂರ್ಣ ಅಂಕ, ಬಾಣಗಳಿಗೆ ಸೊನ್ನೆ

ರಾಯಚೂರಿನ ನಮ್ಮ ಪಿಯು ಕಾಲೇಜಿನ ಪ್ರಯೋಗಾಲಯದಲ್ಲಿದ್ದ ಹಳೆಯ ಆವರ್ತ ಕೋಷ್ಟಕದಲ್ಲಿ ಕೊನೆಯ ಧಾತುಗಳಿಗೆ ಇನ್ನೂ ತಾತ್ಕಾಲಿಕ ಹೆಸರುಗಳೇ ಇದ್ದವು. ನಿಹೋನಿಯಂ, ಮಾಸ್ಕೋವಿಯಂ, ಟೆನೆಸಿನ್, ಓಗನೆಸಾನ್ ಎಂಬ ಹೆಸರುಗಳು ಅಧಿಕೃತವಾದದ್ದು 2016ರಲ್ಲಿ. ಅದನ್ನು ಇಳಿಸಿ, ಆನ್‌ಲೈನ್‌ನಲ್ಲಿ 480 ರೂಪಾಯಿಗೆ ಕನ್ನಡ, ಇಂಗ್ಲಿಷ್ ಎರಡೂ ಇರುವ ಹೊಸ ಗೋಡೆ ಚಾರ್ಟ್ ತರಿಸಿದೆ.

ಮುದ್ರಣಕ್ಕೆ ದೂರಿಲ್ಲ. ಲ್ಯಾಮಿನೇಷನ್‌ಗೆ ಹೊಳಪಿಲ್ಲದ ಕಾರಣ ಕಿಟಕಿಯ ಬಿಸಿಲು ಬಿದ್ದಾಗಲೂ ಕೊನೆಯ ಬೆಂಚಿನವರೆಗೆ ಅಕ್ಷರ ಕಾಣುತ್ತದೆ. ಹಟ್ಟಿ ಕಡೆಯಿಂದ ಬರುವ ಮಕ್ಕಳು ಮೊದಲು ಹುಡುಕುವ 79ನೇ ಮನೆಯೂ ಕಾಣುತ್ತದೆ. ಅವರ ಊರಿನ ಚಿನ್ನ ಅಲ್ಲಿದೆಯಲ್ಲ! ಲ್ಯಾಂಥನೈಡ್, ಆಕ್ಟಿನೈಡ್‌ಗಳ ಎರಡು ಸಾಲನ್ನು ಮಾತ್ರ ಹತ್ತಿರ ಹೋಗಿಯೇ ಓದಬೇಕು.

ಇದನ್ನು ಕೊಳ್ಳಲು ಕಾರಣ ಪ್ರತಿ ಮನೆಯಲ್ಲೂ ಪರಮಾಣುವಿನ ಗಾತ್ರಕ್ಕೆ ತಕ್ಕಂತೆ ಬರೆದಿರುವ ವೃತ್ತ. ಮೂರನೆಯ ಆವರ್ತದಲ್ಲಿ, ಅಂದರೆ ಮೂರನೆಯ ಅಡ್ಡಸಾಲಿನಲ್ಲಿ, ಸೋಡಿಯಂನ ತ್ರಿಜ್ಯ 186 ಪಿಕೋಮೀಟರ್, ಕ್ಲೋರಿನ್‌ನದು 99. ಆ ಸಾಲನ್ನು ನೋಡಿದ ಹುಡುಗಿಯೊಬ್ಬಳು, "ಎಲೆಕ್ಟ್ರಾನ್ ಹೆಚ್ಚುತ್ತಾ ಹೋದರೆ ಪರಮಾಣು ಸಣ್ಣದಾಗುವುದು ಹೇಗೆ ಸರ್?" ಎಂದು ಕೇಳಿದಳು. ಅಂದಿನ ಪಾಠಕ್ಕೆ ನನಗೆ ಬೇರೆ ಪೀಠಿಕೆ ಬೇಕಾಗಲಿಲ್ಲ. ಹೊಸ ಎಲೆಕ್ಟ್ರಾನ್‌ಗಳೆಲ್ಲ ಅದೇ ಮೂರನೆಯ ಕವಚಕ್ಕೆ ಸೇರುತ್ತವೆ, ನ್ಯೂಕ್ಲಿಯಸ್‌ನ ಪ್ರೋಟಾನ್‌ಗಳು ಮಾತ್ರ 11ರಿಂದ 17ಕ್ಕೆ ಏರುತ್ತವೆ, ಸೆಳೆತ ಬಿಗಿಯಾಗುತ್ತದೆ. ಮೊದಲನೆಯ ಗುಂಪಿನಲ್ಲಿ ಕೆಳಗಿಳಿದರೆ ಕಥೆ ಬೇರೆ. ಹೆಜ್ಜೆಗೊಂದು ಹೊಸ ಕವಚ, ವೃತ್ತ ಉಬ್ಬುತ್ತಲೇ ಹೋಗುತ್ತದೆ. ಲಿಥಿಯಂನಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಳ್ಳಲು ಮೋಲ್‌ಗೆ 520 ಕಿಲೋಜೌಲ್ ಬೇಕು, ಸೀಸಿಯಂಗೆ 376 ಸಾಕು. ನೀರಿಗೆ ಬಿದ್ದ ಲಿಥಿಯಂ ನಿಧಾನವಾಗಿ ಗುಳ್ಳೆ ಬಿಡುವುದೂ ಸೀಸಿಯಂ ಸ್ಫೋಟಿಸುವುದೂ ಏಕೆಂದು ಮಕ್ಕಳೇ ಊಹಿಸಿದರು. ಫ್ಲೋರಿನ್, ಕ್ಲೋರಿನ್‌ಗಳ ಗುಂಪಾದ ಹ್ಯಾಲೊಜನ್‌ಗಳದು ಇದಕ್ಕೆ ತಿರುಗುಮುರುಗು: ಅಲ್ಲಿ ಪುಟ್ಟ ಫ್ಲೋರಿನ್‌ನದೇ ಅಬ್ಬರ.

ಇಷ್ಟು ಚೆನ್ನಾಗಿ ಸಾಗುತ್ತಿದ್ದ ಸಾಲು ಆರ್ಗಾನ್‌ಗೆ ಬಂದು ಎಡವುತ್ತದೆ. ಕ್ಲೋರಿನ್‌ನ ಪಕ್ಕದಲ್ಲಿ ದಿಢೀರನೆ ಸೋಡಿಯಂನಷ್ಟು ದೊಡ್ಡ ವೃತ್ತ! ಆರ್ಗಾನ್‌ನಂಥ ಶ್ರೇಷ್ಠಾನಿಲಗಳಿಗೆ ವಾನ್ ಡರ್ ವಾಲ್ಸ್ ತ್ರಿಜ್ಯವನ್ನೂ (ಬಂಧವಿಲ್ಲದೆ ಪಕ್ಕಪಕ್ಕ ತಾಗಿದ ಪರಮಾಣುಗಳ ನಡುವಿನ ದೂರದ ಅರ್ಧ) ಕ್ಲೋರಿನ್‌ಗೆ ಸಹವೇಲೆನ್ಸೀಯ ತ್ರಿಜ್ಯವನ್ನೂ (ಬಂಧದಲ್ಲಿ ಕೂಡಿಕೊಂಡ ಪರಮಾಣುಗಳ ನಡುವಿನ ದೂರದ ಅರ್ಧ) ಹಿಡಿದು ಬರೆದಿದ್ದಾರೆ. ಬೇರೆ ಬೇರೆ ಅಳತೆಗೋಲುಗಳು. ಕೆಳಗೆ ಒಂದು ಸಾಲಿನ ಟಿಪ್ಪಣಿ ಹಾಕಿದ್ದರೆ ಸಾಕಿತ್ತು, ಅದಿಲ್ಲ. ಹದಿನೆಂಟನೆಯ ಗುಂಪಿನ ಮೇಲೆ ನಾನೇ ಒಂದು ಚೀಟಿ ಅಂಟಿಸಿದ್ದೇನೆ.

ಇನ್ನು ಬಾಣಗಳು. ಅಯಾನೀಕರಣ ಶಕ್ತಿ, ಅಂದರೆ ಒಂದು ಎಲೆಕ್ಟ್ರಾನ್ ಕಿತ್ತುಕೊಳ್ಳಲು ಬೇಕಾದ ಶಕ್ತಿ, ಎಡದಿಂದ ಬಲಕ್ಕೆ ಏರುತ್ತದೆ ಎಂದು ದಪ್ಪ ಕೆಂಪು ಬಾಣ. ಒಟ್ಟಾರೆ ನಿಜ. ಆದರೆ ನೈಟ್ರೋಜನ್‌ನದು ಮೋಲ್‌ಗೆ 1402 ಕಿಲೋಜೌಲ್, ಅದರಾಚೆಯ ಆಕ್ಸಿಜನ್‌ನದು 1314. ನೈಟ್ರೋಜನ್‌ನ ಅರ್ಧ ತುಂಬಿದ ಉಪಕವಚವನ್ನು ಕದಲಿಸುವುದು ಕಷ್ಟ. ಆಕ್ಸಿಜನ್‌ನಲ್ಲಿ ಜೋಡಿಯಾಗಿ ಕುಳಿತ ಎಲೆಕ್ಟ್ರಾನ್ ಸುಲಭವಾಗಿ ಹೊರಬರುತ್ತದೆ. ಬೆರಿಲಿಯಂ, ಬೋರಾನ್‌ಗಳ ನಡುವೆಯೂ ಇಂಥದೇ ಇಳಿತವಿದೆ. ಎಲೆಕ್ಟ್ರಾನ್ ಗಳಿಕೆಯ (ಹೊಸ ಎಲೆಕ್ಟ್ರಾನ್ ಸೇರಿದಾಗ ಹೊರಬೀಳುವ ಶಕ್ತಿಯ) ಬಾಣ ಫ್ಲೋರಿನ್‌ನ ತಲೆಯ ಮೇಲೆ ಕುಳಿತಿದೆ; ಅಲ್ಲಿ ಇರಬೇಕಾದದ್ದು ಕ್ಲೋರಿನ್. ಪ್ರವೇಶ ಪರೀಕ್ಷೆಗಳಲ್ಲಿ ಕೇಳುವುದೇ ಈ ಅಪವಾದಗಳನ್ನು. ಇಂಥ ಬಾಣಗಳನ್ನು ನಂಬಿದ ಹುಡುಗರು ತಪ್ಪು ಉತ್ತರಕ್ಕೇ ಗುರುತು ಹಾಕಿ ಬರುತ್ತಾರೆ.

ಹೈಡ್ರೋಜನ್‌ಗೆ ಕ್ಷಾರಲೋಹಗಳ ಕಿತ್ತಳೆ ಬಣ್ಣ ಬಳಿದಿರುವುದು ಸರಿಯಲ್ಲ. ದ್ರವಗಳಿಗೆ ನೀಲಿ ಅಕ್ಷರವೆಂದು ಬ್ರೋಮಿನ್, ಪಾದರಸ ಎರಡನ್ನೇ ಗುರುತಿಸಿ, ಯಾವ ತಾಪದಲ್ಲಿ ಎಂದು ಹೇಳಿಲ್ಲ. ಸೀಸಿಯಂ 28.5 ಡಿಗ್ರಿಗೆ, ಗ್ಯಾಲಿಯಂ 29.8 ಡಿಗ್ರಿಗೆ ಕರಗುತ್ತವೆ. ನಮ್ಮೂರಿನ ಏಪ್ರಿಲ್‌ನಲ್ಲಿ ಎರಡೂ ದ್ರವಗಳೇ.

ಮಾರಾಟಗಾರರಿಗೆ ಇದನ್ನೆಲ್ಲ ಬರೆದೆ. "ಧನ್ಯವಾದ, ಐದು ನಕ್ಷತ್ರ ಕೊಡಿ" ಎಂಬ ಉತ್ತರ ಬಂತು. ಮೂರು ಕೊಟ್ಟಿದ್ದೇನೆ, ಮೂರೂ ವೃತ್ತಗಳಿಗೆ. ಪ್ರೌಢಶಾಲೆಯವರು ಧೈರ್ಯವಾಗಿ ಕೊಳ್ಳಬಹುದು. ಪಿಯು ಉಪನ್ಯಾಸಕರು ಜೊತೆಗೊಂದು ಕಪ್ಪು ಮಾರ್ಕರ್ ಕೊಳ್ಳಲಿ.